ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಪರವಾಗಿ ಒಂದು ಬಹಿರಂಗ ಪತ್ರ

ನಮ್ಮ ಬಡಾವಣೆಯ ಉದ್ಯಾನದ ನವೀಕರಣದ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ, ಹಾಗೂ ಆ ಉದ್ಯಾನದಲ್ಲಿ ದಿನವೂ ನಡೆಯುವ, ಕೂರುವ ಮೈಸೂರಿನ ನನ್ನ ನೆರೆಹೊರೆಯವರಿಗೆ,

ಸಾದರ ವಂದನೆಗಳು.

ಕಳೆದ ಸೋಮವಾರ ಉದ್ಯಾನದ ಗೇಟಿಗೆ ಒಂದು ಸೂಚನಾಪತ್ರವನ್ನು ಅಂಟಿಸಲಾಗಿದೆ. ನಡಿಗೆಯ ದಾರಿಗೆ ಹೊಸ ನೆಲಹಾಸು, ಮಕ್ಕಳ ಜಾರುಬಂಡೆಯ ಕೆಳಗೆ ರಬ್ಬರ್ ಹಾಸು, ಕತ್ತಲಿರುವ ಹಿಂಬದಿಗೆ 4 ದೀಪದ ಕಂಬಗಳು ಬರಲಿವೆ ಎಂದು ಅದರಲ್ಲಿದೆ. ಇವೆಲ್ಲ ಆಗಬೇಕಾದ ಕೆಲಸಗಳೇ, ಅದರಲ್ಲೂ ದೀಪಗಳಿಗಾಗಿ ನಾವೇ ಎರಡು ಬಾರಿ ಅರ್ಜಿ ಕೊಟ್ಟಿದ್ದೆವು. ಆದ್ದರಿಂದ ಮೊದಲು ಧನ್ಯವಾದ. ನಾನು ಬರೆಯುತ್ತಿರುವುದು ಆ ಸೂಚನೆಯ ಕೊನೆಯ ಸಾಲಿನ ಬಗ್ಗೆ ಮಾತ್ರ. 'ಹಳೆಯ, ನಿರುಪಯುಕ್ತ ಆಸನಗಳನ್ನು ತೆರವುಗೊಳಿಸಿ' ಅವುಗಳ ಜಾಗದಲ್ಲಿ 12 ಸ್ಟೀಲ್ ಬೆಂಚುಗಳನ್ನು ಇರಿಸಲಾಗುವುದು ಎಂದು ಅಲ್ಲಿ ಬರೆದಿದೆ. ಬಹುವಚನ ಬಳಸಿದ್ದರೂ ನಮ್ಮ ಉದ್ಯಾನದಲ್ಲಿ ಹಳೆಯ ಆಸನ ಎಂದು ಉಳಿದಿರುವುದು ಒಂದೇ ಒಂದು. ಅದು ಪೂರ್ವದ ಗೋಡೆಯ ಪಕ್ಕ, ಹೊಂಗೆಮರದ ಕೆಳಗೆ ಇರುವ ಕಲ್ಲುಬೆಂಚು.

ಅದನ್ನು ನೋಡದವರಿಗಾಗಿ ಹೇಳುವುದಾದರೆ, ಅದು ಕೇವಲ 3 ಕಲ್ಲುಗಳ ಕಟ್ಟಡ. ನೆಲದಲ್ಲಿ ಹೂತ ಎರಡು ಕಾಲುಗಲ್ಲುಗಳು, ಅವುಗಳ ಮೇಲೆ 6 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅರ್ಧ ಅಡಿ ದಪ್ಪದ ಬೂದುಬಣ್ಣದ ಒಂದು ಚಪ್ಪಡಿ. ಬೆನ್ನಿಗೆ ಆಸರೆಯಿಲ್ಲ, ಕೈಯಿಡಲು ಪಟ್ಟಿಯಿಲ್ಲ. ಹೊಂಗೆಯ ಬೇರು ದಪ್ಪವಾಗುತ್ತ ಎಡಗಡೆಯ ಕಾಲುಗಲ್ಲನ್ನು ಮೇಲೆತ್ತಿರುವುದರಿಂದ ಚಪ್ಪಡಿ ಬಲಕ್ಕೆ ತುಸು ವಾಲಿದೆ. ಅದರ ಮೇಲೆ ಇಟ್ಟ ಕಡಲೆಕಾಯಿ ನಿಲ್ಲುತ್ತದೆ, ನಿಂಬೆಹಣ್ಣು ಉರುಳುತ್ತದೆ. ವಾಲಿಕೆ ಎಷ್ಟೆಂಬುದಕ್ಕೆ ನಮ್ಮ ಬೀದಿಯಲ್ಲಿ ಇಂದಿಗೂ ಇದೇ ಅಳತೆ.

1961ರಲ್ಲಿ ನಾವು ಈ ಬಡಾವಣೆಗೆ ಬಂದಾಗ ನನಗೆ 5 ವರ್ಷ. ಬೆಂಚು ಆಗಲೇ ಇತ್ತು, ಹೊಂಗೆಮರ ಮಾತ್ರ ಬಿದಿರು ತಟ್ಟಿಯೊಳಗಿನ ಗಿಡವಾಗಿತ್ತು. ನಮ್ಮ ತಂದೆ ಅಶೋಕಪುರಂನ ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿದ್ದರು. ಕೆಲಸ ಮುಗಿಸಿ, ಸೈಕಲ್ಲನ್ನು ಮನೆಯ ಕಾಂಪೌಂಡಿಗೆ ಒರಗಿಸಿ, ಒಳಗೂ ಬಾರದೆ ನೇರವಾಗಿ ಎದುರಿನ ಉದ್ಯಾನಕ್ಕೆ ಹೋಗಿ ಆ ಬೆಂಚಿನ ಎಡತುದಿಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂತು ಬರುವುದು ಅವರ ಪದ್ಧತಿ. ದಿನವಿಡೀ ಕಬ್ಬಿಣದ ಸದ್ದಿನಲ್ಲಿ ಇದ್ದು ಬಂದವರಿಗೆ ಆ ಹತ್ತು ನಿಮಿಷ ಏನಾಗಿತ್ತೆಂಬುದು ನಮಗೆ ತಿಳಿಯುವ ವಯಸ್ಸಾಗಿರಲಿಲ್ಲ. ಅಮ್ಮನಿಗೆ ತಿಳಿದಿತ್ತು. ಅವರು ಕೂತಿರುವಾಗ ನಮ್ಮನ್ನು ಅತ್ತ ಬಿಡುತ್ತಿರಲಿಲ್ಲ, ಅವರು ಏಳುವುದನ್ನು ಕಿಟಕಿಯಿಂದ ನೋಡಿಯೇ ಕಾಫಿಗೆ ಹಾಲು ಬಿಸಿ ಮಾಡುತ್ತಿದ್ದರು.

ಭಾನುವಾರಗಳಲ್ಲಿ ನಮಗೂ ಅಲ್ಲಿ ಪ್ರವೇಶವಿತ್ತು. ಚಪ್ಪಡಿಯ ಹಿಂಬದಿಯ ಅಂಚಿನಲ್ಲಿ, ಹಲ್ಲು ಕಚ್ಚಿದ ಗುರುತಿನಂತೆ, ಸಾಲಾಗಿ 11 ಅರ್ಧಕುಳಿಗಳಿವೆ. ಅವೇನೆಂದು ಕೇಳಿದ್ದಕ್ಕೆ ತಂದೆ ವಿವರಿಸಿದ್ದು ಇಂದಿಗೂ ನೆನಪಿದೆ. ಕಲ್ಲುಕುಟಿಗರು ಬಂಡೆಯ ಮೇಲೆ ನೇರ ಗೆರೆ ಎಳೆದು, ಅದರುದ್ದಕ್ಕೂ ಉಳಿಯಿಂದ ಕುಳಿಗಳನ್ನು ತೆಗೆದು, ಒಂದೊಂದರಲ್ಲೂ ಕಬ್ಬಿಣದ ಬೆಣೆ ಇಟ್ಟು, ಸುತ್ತಿಗೆಯಿಂದ ಒಂದೇ ಕಡೆ ಜೋರಾಗಿ ಬಡಿಯದೆ ಈ ತುದಿಯಿಂದ ಆ ತುದಿಗೆ ಸರದಿಯಂತೆ ಬಡಿಯುತ್ತ ಹೋಗುತ್ತಾರೆ. ಪ್ರತಿ ಸುತ್ತಿಗೂ ಬೆಣೆಯ ದನಿ ಬದಲಾಗುತ್ತದೆ, ಕೊನೆಗೆ ಕಲ್ಲು ಆ ಗೆರೆಯ ಮೇಲೇ ಸೀಳುತ್ತದೆ, ಕುಳಿಯ ಅರ್ಧ ಈ ಕಲ್ಲಿನಲ್ಲಿ, ಅರ್ಧ ಆ ಕಲ್ಲಿನಲ್ಲಿ ಉಳಿಯುತ್ತದೆ. ಹಾಗಾದರೆ ಈ ಬೆಂಚಿಗೆ ಸರಿಯಾಗಿ ಹೊಂದುವ ಇನ್ನೊಂದು ಕಲ್ಲು ಎಲ್ಲೋ ಇರಬೇಕು ಎಂದು ನಾನೂ ನನ್ನ ತಮ್ಮನೂ ಬಹಳ ದಿನ ಊರಿನ ಕಲ್ಲುಕಂಬಗಳ, ಮೆಟ್ಟಿಲುಗಳ ಅಂಚುಗಳನ್ನು ಎಣಿಸುತ್ತ ತಿರುಗಿದ್ದೇವೆ. 11 ಕುಳಿಗಳ ಕಲ್ಲು ಸಿಗಲಿಲ್ಲ. ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನೂ ಒಮ್ಮೆ ಎಣಿಸಲು ಹೊರಟು, ನಂದಿಯನ್ನು ತಲುಪುವ ಮೊದಲೇ ಲೆಕ್ಕ ತಪ್ಪಿ, ಜಗಳವಾಗಿ, ಇಬ್ಬರೂ ಬೇರೆಬೇರೆಯಾಗಿ ಇಳಿದು ಬಂದೆವು.

ಇನ್ನು ಚಪ್ಪಡಿಯ ಮೇಲ್ಮುಖದ ವಿಚಾರ. ಅದರ ಬಲಭಾಗದಲ್ಲಿ ಯಾರೋ ಬಲ್ಲವರು ಉಳಿ ಹಿಡಿದು ಕೊರೆದ, 25 ಮನೆಗಳ ಒಂದು ಚೌಕಾಬಾರದ ಪಟವಿದೆ. ನಾಲ್ಕೂ ಬದಿಯ ನಡುಮನೆ ಮತ್ತು ಒಳಗಿನ ನಟ್ಟನಡುವಿನ ಮನೆಗೆ ಅಡ್ಡಗೀಟುಗಳಿವೆ. ಕವಡೆ ಕೊಳ್ಳಲು ದುಡ್ಡಿಲ್ಲದ ನಾವು ಹುಣಸೆಬೀಜಗಳನ್ನು ಅದೇ ಬೆಂಚಿನ ಕಾಲುಗಲ್ಲಿಗೆ ಉಜ್ಜಿ, ಒಂದು ಮಗ್ಗುಲು ಬಿಳಿ ಮಾಡಿಕೊಂಡು ಆಡುತ್ತಿದ್ದೆವು. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ. ಕಾಯಿಗಳಿಗೆ ಬಳೆಚೂರು. ಆ ಕಾಲುಗಲ್ಲಿನ ಒಂದು ಕಡೆ ಬೆರಳಿಟ್ಟರೆ ಜಾರುವಷ್ಟು ನುಣುಪಾಗಿದೆ. ಅದು ಮಳೆಯಿಂದ ಆದದ್ದಲ್ಲ, ಹುಣಸೆಬೀಜಗಳಿಂದ ಆದದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಮನೆಯಾಟಗಳ ಮೇಲೆ ಅಪಾರ ಆಸಕ್ತಿಯಿದ್ದ ದೊರೆ. ಹೊಸ ಹೊಸ ಪಟಗಳನ್ನು ತಾವೇ ರೂಪಿಸಿದವರು. ಅರಮನೆಯ ಆ ಹವ್ಯಾಸಕ್ಕೂ ನಮ್ಮ ಬೆಂಚಿಗೂ ನೇರ ಸಂಬಂಧ ಕಲ್ಪಿಸಲು ನಾನು ಹೊರಟಿಲ್ಲ. ಆದರೆ ಮೈಸೂರಿನಲ್ಲಿ ಆಟದ ಪಟಗಳನ್ನು ಪರಂಪರೆಯೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವಾಗ, ಬಿಸಿಲು ಮಳೆಯಲ್ಲಿ ನಿಂತು ಇನ್ನೂ ಮಕ್ಕಳ ಕೈಗೆ ಸಿಗುತ್ತಿರುವ ಒಂದು ಪಟವನ್ನು ನಿರುಪಯುಕ್ತವೆಂದು ಬರೆದಾಗ ಒಂದು ಮಾತು ಹೇಳಬೇಕೆನಿಸಿತು, ಅಷ್ಟೆ.

ಆ ದಿನಗಳಲ್ಲಿ ಉದ್ಯಾನದ ಮೂಲೆಯಲ್ಲಿ ಪುಟ್ಟ ರೇಡಿಯೋ ಕೊಠಡಿಯಿತ್ತು. ಸಂಜೆಯಾದೊಡನೆ ಒಬ್ಬರು ಬಂದು ಬೀಗ ತೆಗೆದು ರೇಡಿಯೋ ಹಾಕಿದರೆ, ಗೋಡೆಯ ಮೇಲಿನ ಧ್ವನಿವರ್ಧಕದಿಂದ ಸುದ್ದಿ, ಕೃಷಿ, ಸಂಗೀತ ಎಲ್ಲವೂ ಬರುತ್ತಿತ್ತು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದ ಊರು ಇದು, 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದೂ ಆ ಕೇಂದ್ರದೊಂದಿಗೇ. ಆದರೂ ನಮ್ಮ ಬೀದಿಯಲ್ಲಿ ಸ್ವಂತ ರೇಡಿಯೋ ಇದ್ದ ಮನೆಗಳು ಎರಡೋ ಮೂರೋ. ಉಳಿದವರೆಲ್ಲ ಕಲ್ಲುಬೆಂಚಿನ ಸುತ್ತ ಸೇರುತ್ತಿದ್ದರು. ಹಿರಿಯರು ಬೆಂಚಿನ ಮೇಲೆ, ನಡುವಯಸ್ಸಿನವರು ಹುಲ್ಲಿನ ಮೇಲೆ, ಹುಡುಗರು ಗೋಡೆಯ ಮೇಲೆ ಎಂಬ ವ್ಯವಸ್ಥೆಯನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ. ಹೆಂಗಸರು ಕೂರುತ್ತಿದ್ದುದು ಮಧ್ಯಾಹ್ನ, ಗಂಡಸರು ಇಲ್ಲದ ಹೊತ್ತಿನಲ್ಲಿ, ಸೊಪ್ಪು ಬಿಡಿಸುವ ನೆಪದಲ್ಲಿ ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಹಳೆಯದೆಲ್ಲ ಚೆನ್ನಾಗಿತ್ತು ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ನಮ್ಮೂರಿನಿಂದಲೇ 1970ರಲ್ಲಿ ಸಂಸ್ಕೃತ ದಿನಪತ್ರಿಕೆ 'ಸುಧರ್ಮಾ' ಆರಂಭವಾದಾಗ, ಮೂರನೆಯ ಮನೆಯ ಪಂಡಿತರೊಬ್ಬರು ಅದನ್ನು ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು. ಅಷ್ಟರಲ್ಲಿ ರೇಡಿಯೋದವರು ಬಂದು ಅದೇ ಸುದ್ದಿಯನ್ನು ಹೇಳಿಬಿಟ್ಟರೆ ಪಂಡಿತರಿಗೆ ಬಹಳ ಬೇಸರವಾಗುತ್ತಿತ್ತು. ರೇಡಿಯೋ ಕೊಠಡಿ ಯಾವಾಗಲೋ ಹೋಯಿತು. ಅದರ ಜಾಗದಲ್ಲಿ ಈಗ ಪಂಪ್ ಕೋಣೆಯಿದೆ.

ನನ್ನ ಮದುವೆಯ ಮಾತುಕತೆಯ ಕಾಲುಭಾಗ ಈ ಬೆಂಚಿನ ಮೇಲೆ ನಡೆಯಿತು. 1979ರಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತ್ ಮುಗಿಸಿದ ಮೇಲೆ, ಹುಡುಗ ಹುಡುಗಿ ಒಂದೆರಡು ಮಾತಾಡಲಿ ಎಂದು ಅವರ ಸೋದರಮಾವ ಸೂಚಿಸಿದರು. ಆ ಕಾಲಕ್ಕೆ ಅದು ಸ್ವಲ್ಪ ಹೆಚ್ಚಿನ ಮಾತೇ. ಮನೆಯಲ್ಲಿ ಇದ್ದದ್ದು ಎರಡೇ ಕೋಣೆ, ಎರಡರಲ್ಲೂ ನೆಂಟರು. ತಂದೆ ಬಹಳ ಯೋಚಿಸಿ ಎದುರಿನ ಬೆಂಚನ್ನು ತೋರಿಸಿ, ಕಾವಲಿಗೆ ತಮ್ಮನನ್ನು ಜೊತೆ ಮಾಡಿ ಕಳುಹಿಸಿದರು. ನಾನು ಎಡತುದಿಯಲ್ಲಿ, ಅವರು ಬಲತುದಿಯಲ್ಲಿ, ನಡುವೆ ತಮ್ಮ ಮತ್ತು ಅವನ ಕಡಲೆಕಾಯಿ ಪೊಟ್ಟಣ. ಇಪ್ಪತ್ತು ನಿಮಿಷದಲ್ಲಿ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: 'ಈ ಪಟವನ್ನು ಯಾರು ಕೊರೆದದ್ದು?' ಬ್ಯಾಂಕಿನ ಕೆಲಸ ಬಿಡಬೇಕಾಗುತ್ತದೆಯೇ ಎಂದು ನಾನು ಕೇಳಬೇಕೆಂದುಕೊಂಡಿದ್ದೆ, ಕೇಳಿದೆ. 'ಯಾಕೆ ಬಿಡಬೇಕು?' ಎಂದರು. ಅಷ್ಟು ಸಾಕಾಗಿತ್ತು.

ಹಾಸನ, ಮಂಡ್ಯ ಎಂದು ವರ್ಗಾವಣೆಗಳಲ್ಲಿ ಸುತ್ತಿ, 1994ರಲ್ಲಿ ನಾವಿಬ್ಬರೂ ಮತ್ತೆ ಈ ಮನೆಗೇ ಬಂದೆವು. ತಂದೆ ಆಗ ಇರಲಿಲ್ಲ, ಬೆಂಚಿನ ಎಡತುದಿ ನನ್ನ ಪಾಲಿಗೆ ಬಂತು. 2015ರಲ್ಲಿ ನನ್ನ ಯಜಮಾನರಿಗೆ ಲಕ್ವ ಹೊಡೆದು ಬಲಗಡೆ ಸ್ವಾಧೀನ ತಪ್ಪಿದಾಗ, ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿ, 'ಅಂಕಲ್, ಕಣ್ಣಿಗೆ ಕಾಣುವ ಒಂದು ಗುರಿ ಇಟ್ಟುಕೊಳ್ಳಿ' ಎಂದಳು. ಅವರು ಬಾಯಿ ತೊದಲುತ್ತಲೇ ಕಿಟಕಿಯ ಕಡೆ ಎಡಗೈ ಚಾಚಿದರು. ನಮ್ಮ ಬಾಗಿಲಿನಿಂದ ಬೆಂಚಿಗೆ, ಆರೋಗ್ಯವಂತರ ಲೆಕ್ಕದಲ್ಲಿ, 90 ಹೆಜ್ಜೆ. ಮೊದಲ ತಿಂಗಳು ಗೇಟಿನವರೆಗೆ, ಎರಡನೆಯ ತಿಂಗಳು ರಸ್ತೆಯ ಈ ಅಂಚಿಗೆ, ಮಳೆಗಾಲ ಕಳೆದ ಮೇಲೆ ಉದ್ಯಾನದ ಒಳಗೆ. ಬೆಂಚು ಮುಟ್ಟಿದ ದಿನ ಅವರು ನಡೆದದ್ದು 214 ಹೆಜ್ಜೆ. ನಾನು ಎಣಿಸಿದ್ದೇನೆ. ಕೂತವರು ಬಹಳ ಹೊತ್ತು ಸುಮ್ಮನಿದ್ದು, ಬಲಗೈಯ ಬೆರಳುಗಳನ್ನು ಎಡಗೈಯಿಂದ ಎತ್ತಿ ಆ ಪಟದ ನಡುಮನೆಯ ಮೇಲೆ ಇಟ್ಟು, 'ಹಣ್ಣಾಯಿತು' ಎಂದರು. ಚೌಕಾಬಾರ ಆಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಕಾಯಿ ಎಲ್ಲ ಮನೆಗಳನ್ನೂ ಸುತ್ತಿ ಒಳಮನೆ ಸೇರಿದರೆ ಹಾಗೆನ್ನುತ್ತೇವೆ. ಆಮೇಲೆ ಎರಡು ವರ್ಷ ಅವರು ಪ್ರತಿದಿನ ಅಲ್ಲಿಗೆ ನಡೆದರು.

ಸೂಚನೆ ನೋಡಿದ ಮರುದಿನ ನಾನು ಸ್ಥಳದಲ್ಲಿದ್ದ ಕಿರಿಯ ಅಧಿಕಾರಿಯೊಬ್ಬರನ್ನು ವಿಚಾರಿಸಿದೆ. ಬಹಳ ಸೌಜನ್ಯದಿಂದ ಮಾತಾಡಿದರು, 'ಅಮ್ಮಾ, ನಿಮ್ಮ ಭಾವನೆ ಅರ್ಥವಾಗುತ್ತದೆ, ಆದರೆ ಅದು ಬರೀ ಕಲ್ಲು' ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಪಟ್ಟಿಯಲ್ಲಿ ಅದು 'ಕಲ್ಲು, 3' ಎಂದೇ ಇರಬೇಕು, ಪಟ್ಟಿ ಮಾಡುವವರು ಬೇರೆ ಹೇಗೆ ಬರೆಯಲು ಸಾಧ್ಯ? ಆದರೆ ನನ್ನ ಭಾವನೆಯೊಂದನ್ನೇ ನೆಚ್ಚಿ ನಾನು ಈ ಪತ್ರ ಬರೆಯುತ್ತಿಲ್ಲ. ಒಬ್ಬ ಮುದುಕಿಯ ನೆನಪಿಗಾಗಿ ಸಾರ್ವಜನಿಕರ ಜಾಗವನ್ನು ಮೀಸಲಿಡಿ ಎಂದು ಕೇಳುವುದು ನ್ಯಾಯವೂ ಅಲ್ಲ. ಆ ಬೆಂಚಿನ ದೋಷಗಳನ್ನೂ ನಾನು ಬಲ್ಲೆ. ಬೆನ್ನಿಗೆ ಆಸರೆಯಿಲ್ಲದ್ದರಿಂದ ವಯಸ್ಸಾದವರು ಅಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕೂರಲಾರರು. ಎತ್ತರ ಕಡಿಮೆ, ಮಂಡಿನೋವಿನವರಿಗೆ ಏಳುವಾಗ ಹಿಡಿಯಲು ಏನೂ ಇಲ್ಲ. ನನ್ನ ಯಜಮಾನರನ್ನು ಎಬ್ಬಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಮಾಘಮಾಸದ ಬೆಳಗಿನಲ್ಲಿ ಕೂತರೆ ಮೂಳೆಗೇ ಚಳಿ ಹತ್ತುತ್ತದೆ. ಆದ್ದರಿಂದ ಕೈಪಟ್ಟಿಯಿರುವ 12 ಹೊಸ ಬೆಂಚುಗಳೂ ಬರಲಿ, ಒಂದೂ ಕಡಿಮೆಯಾಗುವುದು ಬೇಡ.

ನಾನು ಕೇಳುತ್ತಿರುವುದು, ಹದಿಮೂರನೆಯದಾಗಿ ಅದೂ ಇರಲಿ ಎಂದು. ಅದಕ್ಕೆ ನೆನಪನ್ನು ಬಿಟ್ಟೂ ಕಾರಣಗಳಿವೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಆ ಚಪ್ಪಡಿಯ ಮೇಲೆ ಮಲಗುವವರನ್ನು ತಾವು ಗಮನಿಸಿರಲಾರಿರಿ, ಏಕೆಂದರೆ ತಪಾಸಣೆ ಬೆಳಿಗ್ಗೆ ನಡೆಯುತ್ತದೆ. ಬೆಳಗಿನ ಜಾವ ಮಾರುಕಟ್ಟೆಗೆ ಹೋಗಿ ಹೂವು ತಂದು ಮನೆಮನೆಗೆ ಮಾರುವ ಹೆಂಗಸು ಬುಟ್ಟಿಯನ್ನು ತಲೆದಿಂಬು ಮಾಡಿಕೊಂಡು ಅಲ್ಲಿ ಒರಗುತ್ತಾಳೆ. ಆಕೆ ಎದ್ದರೆ ಮನೆಗಳಿಗೆ ಸಾಮಾನು ತಲುಪಿಸುವ ಹುಡುಗ, ಅವನೆದ್ದರೆ ರಸ್ತೆ ಗುಡಿಸುವವರು. ಎರಡು ಕಡೆ ಮತ್ತು ನಡುವೆ ಕೈಪಟ್ಟಿಯಿರುವ ಸ್ಟೀಲ್ ಬೆಂಚಿನ ಮೇಲೆ ಕೂರಬಹುದೇ ಹೊರತು ಯಾರೂ ಮೈಚಾಚಲಾರರು. ಕೆಲವು ಕಡೆ ನಡುವಿನ ಆ ಪಟ್ಟಿಯನ್ನು ಇಡುವುದೇ ಯಾರೂ ಮಲಗದಿರಲಿ ಎಂದು. ನಮ್ಮ ಉದ್ಯಾನದ ವಿಷಯದಲ್ಲಿ ಅಂಥ ಉದ್ದೇಶವಿದೆ ಎಂದು ನಾನು ಭಾವಿಸುವುದಿಲ್ಲ, ಆದರೆ ಪರಿಣಾಮ ಅದೇ ಆಗುತ್ತದೆ.

'ಬೇಕಾದರೆ ಗೇಟಿನ ಪಕ್ಕಕ್ಕೆ ಸಾಗಿಸೋಣ' ಎಂದು ಅದೇ ಅಧಿಕಾರಿ ಒಂದು ದಾರಿಯನ್ನೂ ಹೇಳಿದರು. ದಯವಿಟ್ಟು ಬೇಡ. ಗೇಟಿನ ಬಳಿ ಮರವಿಲ್ಲ. ಬಿಸಿಲಿಗೆ ಬಿದ್ದ ಕಲ್ಲು ಕಾಯುವುದು ನಿಧಾನ, ಆರುವುದೂ ನಿಧಾನ. ಚೈತ್ರ ವೈಶಾಖದಲ್ಲಿ ಸಂಜೆ ಏಳಾದರೂ ಅದು ದೋಸೆಯ ಕಾವಲಿಯಂತೆ ಇರುತ್ತದೆ. ಈಗ ಅದು ತಂಪಾಗಿರುವುದು ಹೊಂಗೆಯಿಂದ. ಶಿಶಿರದಲ್ಲಿ ಎಲೆ ಉದುರಿಸಿ, ಬಿಸಿಲು ಬಲಿಯುವ ಹೊತ್ತಿಗೆ ಸರಿಯಾಗಿ ಹೊಸ ಎಲೆ ತುಂಬಿಕೊಂಡು, ಮಂಡಕ್ಕಿ ಚೆಲ್ಲಿದಂತೆ ಹೂವುದುರಿಸುವ ಆ ಮರಕ್ಕೂ ಈ ಕಲ್ಲಿಗೂ 60 ವರ್ಷಗಳ ಹೊಂದಾಣಿಕೆಯಿದೆ. ಒಂದನ್ನು ಕಿತ್ತು ಬೇರೆಡೆ ಇಟ್ಟರೆ ಉಳಿಯುವುದು ನಿಜವಾಗಿಯೂ ಬರೀ ಕಲ್ಲು.

ವಿದೇಶದಲ್ಲಿರುವ ನನ್ನ ಮಗ ಇನ್ನೊಂದು ಸಲಹೆ ಕೊಟ್ಟ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 1986ರಿಂದ ಬೆಂಚುಗಳನ್ನು ದತ್ತು ಪಡೆಯುವ ಪದ್ಧತಿಯಿದೆಯಂತೆ. ಹಣ ಕೊಟ್ಟವರು ತಮಗೆ ಬೇಕಾದವರ ಹೆಸರಿನ ಪುಟ್ಟ ಫಲಕವನ್ನು ಬೆಂಚಿಗೆ ಹಾಕಿಸಬಹುದು, ಆ ಹಣ ಉದ್ಯಾನದ ನಿರ್ವಹಣೆಗೆ ಹೋಗುತ್ತದೆ. ಅಪ್ಪನ ಹೆಸರಿನಲ್ಲಿ ನಾವೂ ಹಾಗೆ ಮಾಡೋಣ ಎಂಬುದು ಅವನ ಆಸೆ. ನಾನು ಒಪ್ಪಲಿಲ್ಲ. ಹೆಸರಿಲ್ಲದೆಯೇ ಕೂರಲು, ಇಳಿಸಲು ಜಾಗ ಮಾಡಿಕೊಟ್ಟ ರೂಢಿ ನಮ್ಮ ಕಡೆಗೂ ಉಂಟು. ತಮಿಳುನಾಡಿನ ಹಳೆಯ ದಾರಿಗಳ ಪಕ್ಕದಲ್ಲಿ, ತಲೆಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ ಮತ್ತೆ ಹೊರಲು ಅನುಕೂಲವಾಗುವಂತೆ, ಎರಡು ಕಲ್ಲುಕಂಬಗಳ ಮೇಲೆ ಎದೆಯೆತ್ತರಕ್ಕೆ ಒಂದು ಚಪ್ಪಡಿ ಇಟ್ಟಿರುವುದನ್ನು ಕಾಣಬಹುದು. 'ಸುಮೈತಾಂಗಿ' ಎನ್ನುತ್ತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ, ಇಳಿಯದೆ ಉಳಿದ ಅವರ ಹೊರೆಗಾಗಿ, ಮನೆಯವರು ಅವನ್ನು ನಿಲ್ಲಿಸುತ್ತಿದ್ದರು. ಹೊರೆ ಇಳಿಸಿದ ದಾರಿಹೋಕರಿಗೆ ಆಕೆ ಯಾರೆಂದು ತಿಳಿಯುವ ಅಗತ್ಯವಿರಲಿಲ್ಲ. ಹೂವಿನವಳು ನನ್ನ ಯಜಮಾನರ ಹೆಸರು ಕೆತ್ತಿದ ಕಲ್ಲಿನ ಮೇಲೆ ನಿಶ್ಚಿಂತೆಯಿಂದ ಮಲಗಿಯಾಳೇ? ಎದ್ದು ಪಕ್ಕಕ್ಕೆ ಕೂತಾಳು. ಅವಳನ್ನು ಹಾಗೆ ಎಬ್ಬಿಸುವ ಫಲಕ ನಮಗೆ ಬೇಡ.

ಹಾಗಾಗಿ ನನ್ನ ಕೋರಿಕೆ ಚಿಕ್ಕದು. ಕೊನೆಯ ಸಾಲಿನಿಂದ ಈ ಬೆಂಚನ್ನು ಕೈಬಿಟ್ಟು, ಹೇಗೂ ನೆಲಹಾಸಿನ ಕೆಲಸಕ್ಕೆ ಜನ ಬರುವಾಗ, ವಾಲಿರುವ ಅದನ್ನು ನೆಟ್ಟಗೆ ಮಾಡಿಸಿಕೊಡಿ. ಹೊಂಗೆಯ ಬೇರನ್ನು ಕಡಿಯಬೇಕಾಗಿಲ್ಲ. ಎಡಗಡೆಯ ಕಾಲುಗಲ್ಲನ್ನು ಬೇರಿನಿಂದ ಒಂದಡಿ ಒಳಕ್ಕೆ ಸರಿಸಿ ಹೂತರೆ ಸಾಕು, ಚಪ್ಪಡಿ ಅಷ್ಟು ಚಾಚುವುದನ್ನು ತಾಳಿಕೊಳ್ಳುತ್ತದೆ. ಎತ್ತುವಾಗ ಮಾತ್ರ ಎಚ್ಚರಿಕೆ ಬೇಕು. ಅದರ ಅಳತೆಗೆ ಲೆಕ್ಕ ಹಾಕಿದರೆ ತೂಕ ಸುಮಾರು 340 ಕಿಲೋ ಬರುತ್ತದೆ. ಹಾರೆ ಹಾಕಿ ಒಂದೇ ತುದಿಯನ್ನು ಮೀಟಿ ಕೆಳಗೆ ಬೀಳಿಸಿದರೆ ನಡುವಿಗೇ ತುಂಡಾಗುತ್ತದೆ. 'ಕಬ್ಬಿಣವಾದರೆ ಬಾಗಿ ಮೊದಲೇ ತಿಳಿಸುತ್ತೆ, ಕಲ್ಲು ಏನೂ ಹೇಳಲ್ಲ, ಒಡೆದೇಬಿಡುತ್ತೆ' ಎಂದು ನಮ್ಮ ತಂದೆ ಹೇಳುತ್ತಿದ್ದರು. ಎರಡೂ ತುದಿಗೆ ಹಗ್ಗ ಹಾಕಿ, ಆರು ಜನ ಸೇರಿ, ಮರಳಿನ ಚೀಲಗಳ ಮೇಲೆ ಇಳಿಸಿಕೊಂಡರೆ ಅರ್ಧ ದಿನದ ಕೆಲಸ. ಅದರ ಕೂಲಿಯನ್ನು ಕೊಡಲು ನಮ್ಮ ಬೀದಿಯ ನಿವಾಸಿಗಳು ಸಿದ್ಧರಿದ್ದೇವೆ, ಮೇಸ್ತ್ರಿಗಳಿಗೂ ಕೆಲಸದವರಿಗೂ ಕಾಫಿ ತಿಂಡಿ ನಮ್ಮ ಮನೆಯಿಂದ. ಕೆಲಸ ಯಾವ ದಿನವೆಂದು ಗೇಟಿನ ಮೇಲೆ ಬರೆದು ಅಂಟಿಸಿದರೆ ನಾನು ಎದುರಿಗೇ ಇರುತ್ತೇನೆ.

ಮತ್ತೊಂದು ಮಾತು. ಚಪ್ಪಡಿಯ ಕೆಳಮುಖ ಹೆಚ್ಚು ಸಮನಾಗಿದೆ, ಸವೆತವೂ ಇಲ್ಲ. ಆದ್ದರಿಂದ ಮರಳಿ ಕೂರಿಸುವಾಗ ಅದನ್ನೇ ಮೇಲೆ ಮಾಡೋಣವೆಂದು ಮೇಸ್ತ್ರಿಗಳಿಗೆ ಅನ್ನಿಸಬಹುದು. ದಯವಿಟ್ಟು ಅವರಿಗೆ ಮೊದಲೇ ಹೇಳಿರಿ, ಪಟವಿರುವ ಮುಖ ಮೇಲಿರಲಿ, ಪಟ ಬಲಗಡೆಗೆ ಬರಲಿ.

ಇಂತಿ ತಮ್ಮ ವಿಶ್ವಾಸಿ,
ಉದ್ಯಾನದ ಎದುರುಮನೆಯ ನಿವೃತ್ತ ಬ್ಯಾಂಕ್ ಉದ್ಯೋಗಿ
ಮೈಸೂರು